ಗೋಡೆಗೆ ತೂಗುಹಾಕಿದ ಹುಟ್ಟು

ನಮ್ಮ ಬೀದಿಗೆ ಡಾಂಬರು ಹಾಕುವ ದಿನ ಅಕ್ಕಪಕ್ಕದವರೆಲ್ಲ ಕಿಟಕಿ ಮುಚ್ಚಿಕೊಂಡರೆ ನಾನೊಬ್ಬಳು ತೆರೆದಿಟ್ಟುಕೊಂಡು ಕೂರುತ್ತೇನೆ. ಕಾದ ಡಾಂಬರಿನ ವಾಸನೆ ಅವರಿಗೆ ತಲೆನೋವು ತರುತ್ತದಂತೆ. ನನಗೆ ಅದು ತವರುಮನೆಯ ಹಿತ್ತಿಲನ್ನು ತರುತ್ತದೆ. ಮೂರು ಕಲ್ಲಿನ ಒಲೆ, ಅದರ ಮೇಲೆ ಅಂಚು ಮುರಿದ ಕಬ್ಬಿಣದ ಬಾಣಲೆ, ಅದರೊಳಗೆ ಗುಳುಗುಳು ಎನ್ನುವ ಕರಿ ಪಾಕ, ಪಕ್ಕದಲ್ಲಿ ಬೋರಲು ಹಾಕಿದ ದೊಡ್ಡ ಹರಿಗೋಲು, ಅದರ ಸುತ್ತ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೋಲಿಗೆ ಸುತ್ತಿದ ಗೋಣಿತಾಟಿನಿಂದ ಬಿದಿರ ಹೆಣಿಗೆಯ ಸಂದುಸಂದಿಗೂ ಡಾಂಬರು ಬಳಿಯುವ ನನ್ನ ಸೋದರತ್ತೆ. ಇಷ್ಟೆಲ್ಲ ಒಂದೇ ಉಸಿರಿನಲ್ಲಿ ಮೂಗಿನ ತುದಿಗೆ ಬಂದು ನಿಲ್ಲುತ್ತದೆ. ಅದರ ಬೆನ್ನಿಗೇ ಒಂದು ಸಿಟ್ಟೂ ಬರುತ್ತದೆ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು, ಸತ್ತವರ ಮೇಲೆ ಸಿಟ್ಟು ಇರಬಾರದು ಅನ್ನುತ್ತಾರೆ. ಇರಬಾರದವು ಎಷ್ಟೋ ಇರುತ್ತವೆ ನೋಡಿ, ಇದೂ ಒಂದು.

ಹೊನ್ನಾಳಿಯಿಂದ ಹೊಳೆಯ ದಂಡೆ ಹಿಡಿದು ಕೆಳಗೆ ಹೋದರೆ ಸಿಗುವ ಸಣ್ಣ ಊರು ನಮ್ಮದು. ತುಂಗಭದ್ರೆ ಎಂದು ಪಾಠದ ಪುಸ್ತಕದಲ್ಲಷ್ಟೇ ಓದುತ್ತಿದ್ದೆವು. ಬಾಯಲ್ಲಿ ಅದು ಬರಿ ಹೊಳೆ. ಆಗೆಲ್ಲ ಊರೂರಿಗೂ ಒಂದು ಯುವಕ ಸಂಘ ಹುಟ್ಟಿಕೊಂಡಿತ್ತು. ಕೆಲವು ಸಂಘಗಳು ನಾಟಕ ಆಡುತ್ತಿದ್ದವು, ಕೆಲವು ಕಬಡ್ಡಿ ಆಡುತ್ತಿದ್ದವು, ಉಳಿದವು ಬೋರ್ಡು ಬರೆಸಿ ಸುಮ್ಮನಾಗುತ್ತಿದ್ದವು. ನಮ್ಮೂರ ಸಂಘದ್ದು ಒಂದೇ ಕೆಲಸ, ಹರಿಗೋಲು ನಡೆಸುವುದು. ಅದರಲ್ಲಿದ್ದ ಯುವಕರೋ, ಒಬ್ಬೊಬ್ಬರಿಗೂ ಕಿವಿಯ ಮೇಲೆ ಬಿಳಿ ಕೂದಲು. ಹರಿಗೋಲಿನ ಮುಂದೆ ಕೂತು ದಾರಿ ಹಿಡಿಯುವವರು ನಮ್ಮಪ್ಪ. ಅವರ ಬೆನ್ನಿಗೆ ಬುಡೇನ್ ಸಾಬರು. ನಾನು ಅವರನ್ನು ಬುಡೇನ್ ಮಾಮ ಅಂತಲೇ ಕರೆಯುತ್ತಿದ್ದೆ. ಹಿಂದೆ ಕುಂಬಾರರ ಮನೆಯ ಅಣ್ಣತಮ್ಮಂದಿರಿಬ್ಬರು. ಗದ್ದೆ ಕೆಲಸ ಮುಗಿಸಿ ಸಂಜೆ ನಾಲ್ವರೂ ಹೊಳೆಗಿಳಿದರೆ ಹುಟ್ಟು ನೀರಿಗೆ ಬೀಳುವ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಹರಿಗೋಲು ದುಂಡಗಿನ ಬುಟ್ಟಿಯಲ್ಲವೇ, ಬಲ ಕೊಟ್ಟ ಕಡೆ ತಿರುಗಿಬಿಡುವುದೇ ಅದರ ಗುಣ. ಅದನ್ನು ತಿರುಗಗೊಡದೆ ನೆಟ್ಟಗೆ ನಡೆಸಬೇಕಾದರೆ ನಾಲ್ಕು ಹುಟ್ಟೂ ಒಂದೇ ಸಲಕ್ಕೆ ನೀರಿಗೆ ಬೀಳಬೇಕು, ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರಬೇಕು. ಹಾಗಂತ ಹೇಳುತ್ತಿದ್ದವರು ಅಪ್ಪನೇ. ನೀರಿನ ಮೇಲೆ ಸುಳ್ಳು ನಡೆಯುವುದಿಲ್ಲ ಎಂದು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದರು. ನಾನು ಅದನ್ನು ದೇವರ ಮಾತಿನಷ್ಟೇ ನಂಬಿದ್ದೆ.

ದೀಪಾವಳಿ ಕಳೆದು ಹೊಳೆ ತಿಳಿಯಾದ ಮೇಲೆ ನಮಗೂ ಎದುರು ದಂಡೆಯ ಊರಿಗೂ ಪೈಪೋಟಿ. ಎರಡೂ ಊರಿನ ಹರಿಗೋಲು ನಮ್ಮ ದಂಡೆಯಿಂದ ಒಟ್ಟಿಗೆ ಹೊರಟು, ನಡುಹೊಳೆಯಲ್ಲಿ ನೆಟ್ಟ ಬಿದಿರಿನ ಗಳುವನ್ನು ಸುತ್ತಿ ತಿರುಗಿ ಬರಬೇಕು. ಬೆಳ್ಳಿ ಲೋಟ, ಶೀಲ್ಡು ಅಂತೇನೂ ಇರಲಿಲ್ಲ. ಸೋತವರ ಮುಂದಾಳು ತನ್ನ ಹುಟ್ಟನ್ನು ಗೆದ್ದವರ ಕೈಗೆ ಕೊಡಬೇಕು. ಅದು ಗೆದ್ದ ಮುಂದಾಳಿನ ಮನೆಯ ಪಡಸಾಲೆಯ ಗೋಡೆಯಲ್ಲಿ ತೂಗಬೇಕು, ಮತ್ತೆ ಗೆದ್ದು ಬಿಡಿಸಿಕೊಳ್ಳುವ ತನಕ. ಇನ್ನೊಂದು ಕಟ್ಟಳೆಯೂ ಇತ್ತು: ಗೋಡೆ ಸೇರಿದ ಹುಟ್ಟು ಗೆಲ್ಲದೆ ನೀರಿನ ಮೇಲೆ ಹೊಳೆ ದಾಟಬಾರದು. ಒಂದು ವರ್ಷ ನಮ್ಮ ಗೋಡೆಯಲ್ಲಿದ್ದ ಎದುರು ಊರಿನ ಹುಟ್ಟಿಗೆ ಗೆದ್ದಲು ಹಿಡಿಯಿತು. ಮಾಡಿದ ಬಡಗಿಯೇ ಸರಿಮಾಡಬೇಕು, ಆ ಬಡಗಿಯೋ ಆಚೆ ದಂಡೆಯವನು. ಕೂಗಿದರೆ ಓಗೊಡುವಷ್ಟು ಹತ್ತಿರದ ಊರಿಗೆ ಆ ಹುಟ್ಟನ್ನು ಸೈಕಲ್ಲಿಗೆ ಕಟ್ಟಿಕೊಂಡು, ಹೊನ್ನಾಳಿಯ ಸೇತುವೆ ಹತ್ತಿ ಇಳಿದು, ಅರ್ಧ ದಿನ ಸುತ್ತಿ ಒಯ್ದು, ಮತ್ತೆ ಹಾಗೇ ಸುತ್ತಿ ತಂದವರು ಬುಡೇನ್ ಮಾಮ. ಅಮ್ಮ ನಕ್ಕು ನಕ್ಕು ಸಾಕಾದಳು. ಅಜ್ಜಿ ಮಾತ್ರ ನಗಲಿಲ್ಲ. ಕಟ್ಟಳೆ ಅಂದ ಮೇಲೆ ಕಟ್ಟಳೆ, ನಗುವವರ ಹಲ್ಲು ಬಿಳಿ ಇದ್ದರೆ ನಗಲಿ ಎಂದಳು.

ಈ ಸಂಘಕ್ಕೆ ಹೆಸರಿಲ್ಲದ ಐದನೆಯ ಆಳು ನನ್ನ ಪಾರತ್ತೆ, ಅಪ್ಪನ ತಂಗಿ. ಪಾರ್ವತಿ ಎನ್ನುವ ಹೆಸರು ಊರಿನ ಬಾಯಲ್ಲಿ ಸವೆದು ಪಾರಿ ಆಗಿತ್ತು. ಗೊಬ್ಬರದ ಚೀಲ ಬಿಚ್ಚಿ, ಒಂದಕ್ಕೊಂದು ಸೇರಿಸಿ ಹೊಲಿದು ಹರಿಗೋಲಿಗೆ ಹೊದಿಸುವವಳು ಅವಳು, ಡಾಂಬರು ಬಳಿಯುವವಳೂ ಅವಳು. ಹೆಣ್ಣುಮಕ್ಕಳು ಪೈಪೋಟಿಗೆ ಕೂರುವ ರೂಢಿ ಇರಲಿಲ್ಲ, ಆದರೆ ಸಂಜೆ ಯಾರಾದರೂ ಬರದಿದ್ದರೆ ಅವಳೇ ಹತ್ತಿ ಹುಟ್ಟು ಹಾಕುತ್ತಿದ್ದಳು. ಅವಳ ಎಡಗಿವಿಯ ಕೆಳಗಿಂದ ಕುತ್ತಿಗೆ ದಾಟಿ ತೋಳಿನವರೆಗೆ ಒಂದು ಸುಟ್ಟ ಕಲೆ ಇತ್ತು. ಅವಳು ಹನ್ನೆರಡರ ಹುಡುಗಿಯಾಗಿದ್ದಾಗ ಅಪ್ಪ ಬಾಣಲೆ ಓರೆ ಮಾಡಲು ಹೋಗಿ, ಕೈ ಜಾರಿ, ಕುದಿಯುವ ಡಾಂಬರು ಅವಳ ಮೇಲೆ ಹಾರಿತ್ತಂತೆ. ಹೆಣ್ಣು ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು, ಆ ಕಲೆ ನೋಡಿ, ಊರಿಗೆ ಹೋಗಿ ತಿಳಿಸುತ್ತೇವೆ ಅಂದು ಎದ್ದು ಹೋಗುತ್ತಿದ್ದರು. ಅವರು ಹೋದ ಮೇಲೆ ಅತ್ತೆ ಸೀರೆ ಬದಲಿಸಿ, ಉಳಿದ ಉಪ್ಪಿಟ್ಟನ್ನು ನನ್ನ ಜೊತೆ ಹಂಚಿಕೊಂಡು ತಿನ್ನುತ್ತಿದ್ದಳು. ನಮ್ಮ ಕೇರಿಯಲ್ಲಿ ಇಷ್ಟು ಸಲ ಉಪ್ಪಿಟ್ಟು ಮಾಡುವ ಮನೆ ಬೇರೆ ಯಾವುದೈತೆ ಹೇಳು ಎಂದು ನಗಿಸುತ್ತಿದ್ದಳು. ನಗದವರು ಅಪ್ಪ ಒಬ್ಬರೇ. ಅಂಥ ದಿನ ಅವರು ಊಟ ಬಿಟ್ಟು ಹೊಳೆಯ ಕಡೆ ಹೋಗಿಬಿಡುತ್ತಿದ್ದರು.

ಆ ವರ್ಷ ಪೈಪೋಟಿಗೆ ಇನ್ನೂ ಕೆಲವು ದಿನ ಇರುವಾಗ ಎದುರು ಊರಿನ ಹರಿಗೋಲಿನ ಮುಂದಾಳು ಗೌಡರು ನಮ್ಮ ಮನೆಗೆ ಬಂದರು. ಅವರ ಹುಟ್ಟು ಬಹಳ ವರ್ಷದಿಂದ ನಮ್ಮ ಗೋಡೆಯಲ್ಲೇ ಇತ್ತು. ನೋಡಿಕೊಂಡು ಹೋಗೋಣ ಅಂತ ಬಂದೆ ಎಂದರು. ಅತ್ತೆ ಮಜ್ಜಿಗೆ ತಂದುಕೊಟ್ಟಳು. ಗೌಡರು ಅವಳನ್ನೂ ನೋಡಿದರು, ಗೋಡೆಯನ್ನೂ ನೋಡಿದರು. ಆಮೇಲೆ ಅಪ್ಪನೂ ಅವರೂ ಹಿತ್ತಿಲಿಗೆ ಹೋಗಿ ಬಹಳ ಹೊತ್ತು ನಿಂತಿದ್ದರು. ಅವರು ಹೋದ ಮೇಲೆ ಅಪ್ಪ ಹರಿಗೋಲಿನ ತಳಕ್ಕೆ ಕೈಯಿಟ್ಟು ಕೂತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅತ್ತೆ ಆ ಸಲ ಇನ್ನಿಲ್ಲದಷ್ಟು ಅಚ್ಚುಕಟ್ಟಾಗಿ ಡಾಂಬರು ಬಳಿದಿದ್ದಳು. ಅಪ್ಪನ ಹುಟ್ಟಿನ ಅಲಗಿನ ಮೇಲೆ ಒಂದು ಸಣ್ಣ ಮೀನಿನ ಚಿತ್ರವನ್ನೂ ಡಾಂಬರಿನಲ್ಲೇ ಬರೆದಿದ್ದಳು. ಅದನ್ನು ನೋಡಿ ಅಪ್ಪ ಚೆನ್ನಾಗಿದೆ ಅಂದರೇ ಹೊರತು ಮುಖ ಎತ್ತಲಿಲ್ಲ.

ಪೈಪೋಟಿಯ ದಿನ ದಂಡೆಯಲ್ಲಿ ಊರೆಲ್ಲ ಸೇರಿತ್ತು. ನಾನು ಅತ್ತೆಯ ಸೊಂಟ ತಬ್ಬಿಕೊಂಡು ನಿಂತಿದ್ದೆ. ಹೋಗುವಾಗ ನಮ್ಮವರೇ ಮುಂದೆ, ಗಳು ಸುತ್ತುವಾಗಲೂ ನಮ್ಮವರೇ ಮುಂದೆ. ಬರುವ ದಾರಿಯಲ್ಲಿ ಎಮ್ಮೆಗುಂಡು ಅಂತ ಒಂದು ಬಂಡೆ ಇದೆ. ಅದರ ಕೆಳಬದಿಯಲ್ಲಿ ನೀರು ಹಿಂದಕ್ಕೆ ತಿರುಗುತ್ತದೆ, ಹೊಕ್ಕ ಹರಿಗೋಲು ಬುಗುರಿಯ ಹಾಗೆ ಸುತ್ತುತ್ತಾ ನಿಂತುಬಿಡುತ್ತದೆ. ಈಜು ಕಲಿಯುವ ಮಕ್ಕಳಿಗೂ ಮೊದಲು ಹೇಳಿಕೊಡುವುದು ಆ ಕಡೆ ಹೋಗಬೇಡಿ ಅಂತಲೇ. ನಮ್ಮ ಹರಿಗೋಲು ಬಂಡೆಯ ಮೇಲ್ಬದಿಗೆ ಬರಬೇಕಾದದ್ದು, ನೋಡನೋಡುತ್ತಿದ್ದಂತೆ ಓರೆಯಾಗಿ ಕೆಳಬದಿಗೆ ಇಳಿಯಿತು. ಅತ್ತೆ ಮೆಲ್ಲಗೆ, ಅಣ್ಣ, ಅಣ್ಣ ಅಂದದ್ದು ಮಾತ್ರ ಕೇಳಿಸಿತು. ನಮ್ಮವರು ಆ ತಿರುಗುನೀರಿನಲ್ಲಿ ಸುತ್ತುತ್ತಲೇ ಇದ್ದರು, ಎದುರು ಊರಿನವರು ಪಕ್ಕದಲ್ಲೇ ಹಾದು ದಂಡೆ ಮುಟ್ಟಿದರು.

ನಮ್ಮವರು ಕೊನೆಗೆ ದಂಡೆಗೆ ಬಂದಾಗ ಬುಡೇನ್ ಮಾಮ ಎಲ್ಲರಿಗಿಂತ ಮೊದಲು ಇಳಿದರು. ಸೊಂಟಮಟ್ಟದ ನೀರಿನಲ್ಲೇ ತಿರುಗಿ ನಿಂತು ಅಪ್ಪನನ್ನು ಕೇಳಿದರು:

"ಬಸಣ್ಣ, ಗುಂಡು ಕಾಣಲಿಲ್ಲ ಅಂದ್ರೆ ನಂಬ್ತೀನಿ. ಕಾಣ್ತೋ ಇಲ್ಲೋ, ಅಷ್ಟು ಹೇಳು."

ಅಪ್ಪ ಅವರನ್ನು ದಾಟಿ ದಂಡೆ ಹತ್ತಿದರು. ಮೀನಿನ ಚಿತ್ರದ ಹುಟ್ಟನ್ನು ಒಯ್ದು ಗೌಡರ ಕೈಗೆ ಕೊಟ್ಟರು. ನಮ್ಮ ಗೋಡೆಯಲ್ಲಿದ್ದ ಹುಟ್ಟನ್ನೂ ಅವರು ಬಿಡಿಸಿಕೊಂಡು ಹೋದರು, ಪಡಸಾಲೆಯ ಸುಣ್ಣದ ಮೇಲೆ ಅದರ ಗುರುತು ಮಾತ್ರ ಉಳಿಯಿತು. ಅವತ್ತು ಬುಡೇನ್ ಮಾಮ ತಮ್ಮ ಹುಟ್ಟನ್ನು ನಮ್ಮ ಕಟ್ಟೆಯ ಮೇಲೆ ಇಟ್ಟು ಮನೆಗೆ ಹೋದವರು ಮತ್ತೆ ಅದನ್ನು ಮುಟ್ಟಲಿಲ್ಲ. ಅತ್ತೆ ಮಾತ್ರ ಅಪ್ಪನ ಪರವಾಗಿ ಊರಿಗೆಲ್ಲ ಜವಾಬು ಹೇಳಿದಳು. ಬಿಸಿಲು ಕಣ್ಣಿಗೆ ಹೊಡೀತು ಅಂದಳು, ಸೆಳವು ಜಾಸ್ತಿ ಇತ್ತು ಅಂದಳು. ನೀರಿಗೆ ಹೋದಾಗ ಯಾರೋ ಹೆಂಗಸು ಚುಚ್ಚಿದ್ದಕ್ಕೆ ಕೊಡ ಇಟ್ಟು ಜಗಳಕ್ಕೇ ನಿಂತಳು. ನಾನೂ ಅತ್ತೆಯ ಮಾತನ್ನೇ ಶಾಲೆಯಲ್ಲಿ ಹೇಳಿದೆ.

ಪೈಪೋಟಿಯ ಬೆನ್ನಿಗೇ ಗೌಡರ ಮಗನಿಗೆ ಅತ್ತೆಯನ್ನು ಕೇಳಿಕೊಂಡು ಬಂದರು. ಕಲೆ ಇದ್ದರೆ ಇರಲಿ ಅಂದರು. ಅಜ್ಜಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅತ್ತೆಗೂ ಸಂತೋಷವೇ, ಅವಳ ಕೆನ್ನೆ ಕೆಂಪಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಮದುವೆ ನಮ್ಮ ಮನೆಯ ಮುಂದಿನ ಚಪ್ಪರದಲ್ಲೇ ಆಯಿತು. ಮದುಮಗಳನ್ನು ಗಂಡನ ಮನೆಗೆ ಕಳಿಸುವಾಗ ಜೊತೆಗೊಬ್ಬ ಹುಡುಗಿ ಹೋಗುವ ಪದ್ಧತಿ, ಹಾಗಾಗಿ ನಾನೂ ಹೋದೆ. ಹರಿಗೋಲನ್ನು ಅಪ್ಪನೇ ನಡೆಸಿದರು. ಅತ್ತೆ ನೀರಿನಲ್ಲಿ ಬೆರಳು ಆಡಿಸುತ್ತಾ ಕೂತಿದ್ದಳು. ಅಪ್ಪನ ಮುಖದಲ್ಲಿ ಹೊರೆ ಇಳಿಸಿದವರ ನೆಮ್ಮದಿ ಇತ್ತು. ಇನ್ನೆರಡು ಹುಟ್ಟಿನಷ್ಟು ದಾರಿ ಇರುವಾಗ ಅಪ್ಪ ಅವಳ ತಲೆಯ ಮೇಲೆ ಒದ್ದೆ ಕೈ ಇಟ್ಟರು.

ಗೌಡರ ಮನೆಯ ಹೊಸ್ತಿಲಲ್ಲಿ ಅಕ್ಕಿಯ ಪಾವು ಒದ್ದು ಒಳಗೆ ಬಂದರೆ ಎದುರಿಗೇ ಪಡಸಾಲೆಯ ಗೋಡೆ, ಗೋಡೆಯಲ್ಲಿ ಮೀನಿನ ಚಿತ್ರದ ಹುಟ್ಟು. ಗೌಡರು ಕೆಟ್ಟವರಲ್ಲ, ಖುಷಿಯಾದರೆ ಬಾಯಿಗೆ ಬಾಗಿಲಿಲ್ಲದ ಮನುಷ್ಯ. ನೆಂಟರೆಲ್ಲ ಕೂತಿದ್ದರು. ಅವರು ಹುಟ್ಟನ್ನೂ ಅತ್ತೆಯನ್ನೂ ತೋರಿಸಿ ಹೇಳಿದರು:

"ಎಲ್ಲಾರ ಸೊಸೇರು ಹಿತ್ತಾಳೆ ಕೊಡ ತರ್ತಾರೆ. ನಮ್ಮ ಸೊಸೆ ಹುಟ್ಟು ತಂದಾಳೆ ನೋಡ್ರಿ. ಬಸಣ್ಣ ಮಾತಿನ ಮನುಷ್ಯ. ಸೋತು ಕೊಡ್ತೀನಿ ಅಂದ, ಸೋತು ಕೊಟ್ಟ."

ಎಲ್ಲರೂ ನಕ್ಕರು. ಅತ್ತೆ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಳೆಯ ಅಚ್ಚು ನನ್ನ ಮುಂಗೈಯಲ್ಲಿ ಮೂಡಿತು. ಅವಳ ತಲೆ ತಗ್ಗಿಯೇ ಇತ್ತು, ಮದುಮಗಳ ನಾಚಿಕೆ ಅಂದುಕೊಂಡವರೇ ಎಲ್ಲ. ಅವಳು ಅಳಲಿಲ್ಲ. ಯಾರು ಯಾರ ಜೊತೆ ಅಪ್ಪನಿಗಾಗಿ ಜಗಳವಾಡಿದ್ದಳೋ ಅವರ ಮುಖಗಳೆಲ್ಲ ಅವಳ ಕಣ್ಣ ಮುಂದೆ ಬಂದಿರಬೇಕು. ನನಗೆ ಬಂದದ್ದು ಅಪ್ಪನ ಮುಖ ಒಂದೇ. ನೀರಿನ ಮೇಲೆ ಸುಳ್ಳು ನಡೆಯುವುದಿಲ್ಲ ಎಂದ ಅದೇ ಮುಖ. ಬಂಡೆಯ ಕಡೆ ಹರಿಗೋಲು ಓರೆಯಾದದ್ದು ನೆನಪಾಯಿತು. ಮೋಸ ಎನ್ನುವ ಮಾತು ನನಗೆ ಅದಕ್ಕೂ ಮುಂಚೆ ಗೊತ್ತಿತ್ತು, ಅದು ನಮ್ಮ ಮನೆಯಲ್ಲೇ ಉಂಡು ಮಲಗುತ್ತದೆಂದು ಗೊತ್ತಿರಲಿಲ್ಲ.

ತವರಿಗೆ ಮೊದಲ ಸಲ ಬಂದಾಗ ಅತ್ತೆ ಬಸ್ಸಿನಲ್ಲಿ ಬಂದಳು. ಅವರೂರಿಂದ ಹೊನ್ನಾಳಿಗೊಂದು ಬಸ್ಸು, ಅಲ್ಲಿ ಕಾದು ನಮ್ಮೂರಿಗೊಂದು ಬಸ್ಸು. ಧೂಳು ಮೆತ್ತಿದ ಮುಖದಲ್ಲಿ ಒಳಗೆ ಬಂದವಳನ್ನು ನೋಡಿ ಅಜ್ಜಿ, ಹೊಳೆ ಎದುರಿಗೇ ಇರುವಾಗ ಯಾಕವ್ವಾ ಈ ಸುತ್ತು ಅಂದಳು. ಅಪ್ಪ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಅತ್ತೆ ಅವರನ್ನು ನೋಡದೆ ಅಜ್ಜಿಗೇ ಹೇಳಿದಳು:

"ಗೆದ್ದಿದ್ದು ಅಷ್ಟೇ ಹೊಳೆ ಮ್ಯಾಲೆ ಬರಬೇಕು ಅಂತ ನೀನೇ ಹೇಳ್ತಿದ್ದೆಲ್ಲವ್ವಾ. ನನ್ನ ಸೋತು ಕಳಿಸೀರಿ. ಗೆದ್ದು ಕರ್ಕೊಳ್ಳಾಕೆ ಸಂಘ ಎಲ್ಲೈತೆ?"

ಸಂಘ ನಿಜವಾಗಿಯೂ ಇರಲಿಲ್ಲ. ಬುಡೇನ್ ಮಾಮ ಬರುತ್ತಿರಲಿಲ್ಲ, ಕುಂಬಾರರು ಅವರ ಹಿಂದೆ ಹೋದರು. ಅಪ್ಪನ ಜೊತೆ ಹರಿಗೋಲಿನಲ್ಲಿ ಕೂರಲು ಊರಿನಲ್ಲಿ ಇನ್ನೊಬ್ಬರು ಸಿಗಲಿಲ್ಲ. ಎದುರು ಊರಿನವರು ಒಂದೆರಡು ವರ್ಷ ಕಾದು ನೋಡಿ ತಮ್ಮ ಹರಿಗೋಲನ್ನು ಮರಳು ಸಾಗಿಸಲು ಬಿಟ್ಟರು. ಯುವಕ ಸಂಘದ ಬೋರ್ಡು ನಮ್ಮ ದನದ ಕೊಟ್ಟಿಗೆಗೆ ತಡಿಕೆಯಾಯಿತು. ಅಪ್ಪ ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಅಜ್ಜಿಗೊಮ್ಮೆ ಮಾತ್ರ, ನನ್ನ ಕೈಯಿಂದ ಸುಟ್ಟದ್ದು, ನನ್ನ ಕೈಯಿಂದಲೇ ಸರಿಯಾಗಲಿ ಅಂತ ಮಾಡಿದೆ ಎಂದರಂತೆ. ಅಜ್ಜಿ, ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ, ಇವತ್ತಲ್ಲ ನಾಳೆ ಹೊಳೆ ದಾಟಿ ಬರ್ತಾಳೆ ಬಿಡು ಎಂದು ಅವರನ್ನು ಸಮಾಧಾನ ಮಾಡಿದಳು. ಆ ಗಾದೆ ನಮ್ಮ ಅತ್ತೆಯ ಮುಂದೆ ಸೋತಿತು.

ಒಂದು ವರ್ಷ ಮಳೆ ಹಿಂದೆ ಬಿದ್ದು, ನಾಗರಪಂಚಮಿಗೂ ಹೊಳೆ ನೆರೆ ಬಂದು ಕೆಂಪಾಗಿರಲಿಲ್ಲ. ಪಂಚಮಿಗೆ ತಂಗಿಯನ್ನು ಕರೆತರುವುದು ಅಣ್ಣನ ಕೆಲಸವಲ್ಲವೇ, ಅಪ್ಪ ಮಡಿ ಪಂಚೆ ಉಟ್ಟು, ನನ್ನನ್ನೂ ಕೂರಿಸಿಕೊಂಡು ಹರಿಗೋಲು ಬಿಟ್ಟರು. ಅತ್ತೆ ಚೀಲ ಹಿಡಿದು ದಂಡೆಯ ತನಕ ಬಂದಳು. ಹರಿಗೋಲಿನ ಅಂಚಿಗೆ ಕೈ ಹಾಕಿ, ಡಾಂಬರು ಎದ್ದುಹೋದ ಜಾಗವನ್ನು ಬೆರಳಿನಿಂದ ಸವರಿದಳು. ಆಮೇಲೆ ನನ್ನನ್ನು ಮಾತ್ರ ಇಳಿಸಿಕೊಂಡು ಬಸ್ಸಿನ ರಸ್ತೆಯ ಕಡೆ ಹೊರಟಳು. ನಾನು ತಿರುಗಿ ನೋಡಿದೆ. ಅಪ್ಪ ಖಾಲಿ ಹರಿಗೋಲನ್ನು ತಿರುಗಿಸಿಕೊಂಡು ಹೋಗುತ್ತಿದ್ದರು, ಒಬ್ಬರೇ ಹುಟ್ಟು ಹಾಕುತ್ತಿದ್ದುದರಿಂದ ಅದು ನೆಟ್ಟಗೆ ಹೋಗದೆ ಅತ್ತಿತ್ತ ತಿರುಗುತ್ತಿತ್ತು. ನನಗೆ ಪಾಪ ಅನಿಸಿತು, ಅನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅತ್ತೆ ತಾನಾಗಿಯೇ ಹೇಳಿದಳು:

"ನಿಮ್ಮ ಮಾವ ಒಳ್ಳೇರು ಕಣೆ, ಅವರಿಗೆ ಇದೇನೂ ಗೊತ್ತಿರಲಿಲ್ಲ. ಸಂಸಾರಕ್ಕೆ ನಂದೇನೂ ತಕರಾರಿಲ್ಲ. ನಿಮ್ಮಪ್ಪ ನನ್ನ ಒಂದು ಮಾತು ಕೇಳಬೇಕಿತ್ತು. ಗೆಲ್ಲು ಅಣ್ಣ, ಮದುವೆ ಆದ್ರೆ ಆಗಲಿ ಬಿಟ್ರೆ ಬಿಡಲಿ ಅಂತಿದ್ದೆ. ಅದಕ್ಕೇ ಕೇಳಲಿಲ್ಲ."

ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲದ ಬೆಳಗ್ಗೆ ಅಪ್ಪ ಕೊಟ್ಟಿಗೆಯಲ್ಲಿ ಕುಸಿದು ಬಿದ್ದು, ವೈದ್ಯರು ಬರುವುದರೊಳಗೆ ಹೋಗಿಬಿಟ್ಟರು. ಸುದ್ದಿ ಕೇಳಿ ಮೊದಲು ಬಂದವರು ಬುಡೇನ್ ಮಾಮ. ಅಷ್ಟು ವರ್ಷ ನಮ್ಮ ಕಟ್ಟೆ ಹತ್ತದಿದ್ದ ಮನುಷ್ಯ ಹೆಣದ ಕಾಲು ಮುಟ್ಟಿ, ನೆಟ್ಟಗೆ ಹಿತ್ತಿಲಿಗೆ ಹೋಗಿ, ಕೋಳಿ ಮುಚ್ಚಲು ಇಟ್ಟಿದ್ದ ಹರಿಗೋಲನ್ನು ಕುಂಬಾರರ ಜೊತೆ ಹೊತ್ತು ಹೊಳೆಗೆ ಇಳಿಸಿದರು. ನೀರು ಒಸರುವ ಆ ಬುಟ್ಟಿಯಲ್ಲೇ ಆಚೆ ದಂಡೆಗೆ ಹೋಗಿ ಅತ್ತೆಗೆ ಸುದ್ದಿ ಮುಟ್ಟಿಸಿದರು. ಹರಿಗೋಲು ತಂದಿದ್ದೇನೆ, ಬೇಗ ಬಾ ಅಂದರಂತೆ. ಅತ್ತೆಯ ಗಂಡನೂ ಹೊರಡು ಹೊರಡು ಅಂದರಂತೆ. ಅತ್ತೆ ಪಡಸಾಲೆಗೆ ಹೋಗಿ, ಸ್ಟೂಲು ಹಾಕಿಕೊಂಡು, ಗೋಡೆಯ ಹುಟ್ಟನ್ನು ಇಳಿಸಿ ಹಳೆಯ ಸೀರೆಯಲ್ಲಿ ಸುತ್ತಿದಳು. ಇದನ್ನು ಬಿಟ್ಟು ಬರುವುದಿಲ್ಲ ಅಂದಳು. ಬುಡೇನ್ ಮಾಮ ಅದನ್ನು ನೋಡಿದ ಮೇಲೆ ಹರಿಗೋಲಿನ ಮಾತನ್ನೇ ಎತ್ತಲಿಲ್ಲ. ತಿರುಗಿ ಬಂದು ನಮಗೆ ಹೇಳಿದ್ದಿಷ್ಟೇ, ಪಾರವ್ವ ಬಸ್ಸಿನಲ್ಲಿ ಬರುತ್ತಾಳೆ, ಕಾಯಿರಿ.

ಕಾದೆವು. ಹೊನ್ನಾಳಿಯಿಂದ ಬರಬೇಕಾದ ಮಧ್ಯಾಹ್ನದ ಬಸ್ಸು ಬರಲೇ ಇಲ್ಲ. ಹಿರಿಯರು ಹೊತ್ತು ನೋಡಿದರು, ಅಜ್ಜಿಯ ಮುಖ ನೋಡಿದರು, ಹೊತ್ತು ಮುಳುಗುವ ಮುಂಚೆ ಮಣ್ಣಾಗಬೇಕು ಅಂದರು. ಹೊಳೆಗೆ ಮುಖ ಮಾಡಿದ ನಮ್ಮ ಹೊಲದ ಬದುವಿನಲ್ಲಿ ಅಪ್ಪನನ್ನು ಮಣ್ಣು ಮಾಡಿ ಬಂದು ಕಾಲು ತೊಳೆದುಕೊಳ್ಳುವಾಗ ಸಂಜೆಯ ಬಸ್ಸಿನ ಹಾರ್ನು ಕೇಳಿತು. ಅತ್ತೆ ಎದೆಗೆ ಹುಟ್ಟನ್ನು ಅವುಚಿಕೊಂಡು ಬಂದಳು. ಕಲೆಯ ಮೇಲೆ ಸೆರಗು ನಿಂತಿರಲಿಲ್ಲ. ಅಂಗಳದಲ್ಲಿ ನೀರು ಹರಿದದ್ದು ನೋಡಿಯೇ ಅವಳಿಗೆ ತಿಳಿಯಿತು. ಅಜ್ಜಿ ಎದೆ ಬಡಿದುಕೊಂಡು, ಒಂದು ಗಳಿಗೆಯ ಹೊಳೆ ದಾಟಿ ಬಂದಿದ್ದರೆ ಅಣ್ಣನ ಮುಖ ಸಿಗುತ್ತಿತ್ತಲ್ಲೇ ಎಂದು ಬೈದಳು. ಅತ್ತೆ ಹುಟ್ಟಿನ ಸೀರೆ ಬಿಚ್ಚುತ್ತಾ, ಮಗುವಿಗೆ ಹೇಳುವಷ್ಟು ಮೆಲ್ಲಗೆ ಹೇಳಿದಳು:

"ಇದನ್ನ ಅಣ್ಣನ ಕೈಗೆ ಕೊಡಬೇಕು ಅಂತ ತಂದೆ ಕಣವ್ವಾ. ಗೆಲ್ಲದ ಹುಟ್ಟನ್ನ ಹೊಳೆ ಮ್ಯಾಲೆ ಹೆಂಗೆ ತರ್ಲಿ?"

ಬುಡೇನ್ ಮಾಮ ಮುಖ ಮುಚ್ಚಿಕೊಂಡು ಅತ್ತರು. ಅಪ್ಪ ಮುರಿದ ಕಟ್ಟಳೆಯನ್ನು ಕೊನೆಯವರೆಗೂ ಕಾಪಾಡಿದವಳು ಅವಳೊಬ್ಬಳೇ, ಅದಕ್ಕೆ ಅವಳು ತೆತ್ತದ್ದು ಅಣ್ಣನ ಮುಖ. ಇದಕ್ಕೆ ನಾನು ಅಪ್ಪನನ್ನು ಹೇಗೆ ಕ್ಷಮಿಸಲಿ, ನೀವೇ ಹೇಳಿ. ತಂಗಿಗೆ ಒಳ್ಳೆಯದಾಗಲಿ ಎಂದು ತಂಗಿಗೇ ಮೋಸ ಮಾಡಿದ ಅಣ್ಣ ಅವರು. ಅವರ ಪ್ರೀತಿ ಸುಳ್ಳಾಗಿದ್ದರೆ ನನ್ನ ಸಿಟ್ಟು ಎಂದೋ ಆರಿಹೋಗುತ್ತಿತ್ತು. ಅದು ನಿಜವಾಗಿತ್ತು, ಅದಕ್ಕೇ ಆರುವುದಿಲ್ಲ.

ಅಜ್ಜಿ ಹೋದಳು, ಬುಡೇನ್ ಮಾಮ ಹೋದರು, ಹರಿಗೋಲು ಯಾವುದೋ ಮಳೆಗಾಲದಲ್ಲಿ ಕೊಳೆತು ಒಲೆ ಸೇರಿತು. ಎದುರು ದಂಡೆಯಲ್ಲಿ ಈಗ ಅತ್ತೆಯೂ ಇಲ್ಲ. ಹುಟ್ಟು ಮಾತ್ರ ಕೈಯಿಂದ ಕೈಗೆ ಬಂದು ದಾವಣಗೆರೆಯ ನನ್ನ ಮನೆ ಸೇರಿದೆ. ಹಿಡಿಯ ಹತ್ತಿರ ಅಪ್ಪನ ಅಂಗೈ ಸವೆಸಿದ ನುಣುಪು ಹಾಗೇ ಇದೆ, ಅಲಗಿನ ಮೇಲೆ ಅತ್ತೆ ಬರೆದ ಮೀನೂ ಇದೆ. ಬಂದವರು ನೋಡಿ, ಎಷ್ಟು ಚೆನ್ನಾಗಿದೆ, ಹಾಲಿನ ಗೋಡೆಗೆ ಹಾಕಬಾರದೇ ಅನ್ನುತ್ತಾರೆ. ನಾನು ನಗುತ್ತೇನೆ. ಗೋಡೆಗೆ ಹಾಕುವುದು ಗೆದ್ದ ಹುಟ್ಟನ್ನು. ಇದನ್ನು ಬಾಗಿಲ ಹಿಂದೆ ನಿಲ್ಲಿಸಿದ್ದೇನೆ.